‘ಇಟ್ಟಲ್ಲೇ ಹೋಯ್ತು’ ಎನ್ನುವ ಮುನ್ನ

ಮದುವೆ ಫೋಟೊ, ವಿಡಿಯೊ ಮಾಡುವ ಸ್ಟುಡಿಯೊದವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸ್ಟುಡಿಯೊ ಬಂಧುಗಳೇ,

ಜ್ಯೇಷ್ಠ ಮುಗಿಯುತ್ತಾ ಬಂತು. ಇನ್ನೊಂದು ತಿಂಗಳು ಮುಹೂರ್ತಗಳಿಲ್ಲ. ಕ್ಯಾಮೆರಾ ಬ್ಯಾಗಿಗೂ ಅದನ್ನು ಹೊರುವ ಹೆಗಲಿಗೂ ವಿರಾಮ. ಹಾರ್ಡ್ ಡಿಸ್ಕ್ ರಿಪೇರಿ ಮಾಡುವ ನಮ್ಮಂಥವರಿಗೆ ಮಾತ್ರ ಕೆಲಸ ಜೋರಾಗುವುದೇ ಆಷಾಢದಲ್ಲಿ. ವೈಶಾಖದ ಲಗ್ನಗಳ ಆಲ್ಬಮ್ ಕೂಡಿಸಲು ನೀವು ಕೂತಾಗಲೇ ಡಿಸ್ಕ್ ತೆರೆಯುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ತಂದುಕೊಡುವವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತು. ಒಂದು, ‘ಏನೂ ಮಾಡಿಲ್ಲ ಸಾರ್, ಇಟ್ಟಲ್ಲೇ ಹೋಯ್ತು’. ಇನ್ನೊಂದು, ‘ಈ ಕಂಪನಿಯದ್ದು ತಗೋಬಾರದಿತ್ತು’. ಎರಡನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಯಾಕೆ ಎಂದು ಕೌಂಟರಿನಲ್ಲಿ ನಿಂತು ವಿವರಿಸಲು ಆಗುವುದಿಲ್ಲ. ಆ ಹೊತ್ತಿಗೆ ನಿಮ್ಮ ಕಿವಿಯಲ್ಲಿ ಮದುಮಗಳ ಅಪ್ಪನ ಫೋನು ಇರುತ್ತದೆ. ಅದಕ್ಕೇ ಈ ಕಾಗದ.

ನೆಗೆಟಿವ್ ಕಾಲದ ಅಭ್ಯಾಸ ನಿಮ್ಮಲ್ಲಿ ಅನೇಕರನ್ನು ಇನ್ನೂ ಬಿಟ್ಟಿಲ್ಲ. ಕವರಿನ ಮೇಲೆ ಹೆಸರು, ತಾರೀಖು ಬರೆದು ಡಬ್ಬಿಯಲ್ಲಿಟ್ಟರೆ ಹತ್ತು ವರ್ಷದ ಮೇಲೂ ಆ ನೆಗೆಟಿವ್‌ನಿಂದ ಪ್ರಿಂಟ್ ಹಾಕಬಹುದಿತ್ತು. ಬಣ್ಣ ಮಾಸಿದ್ದರೂ ಮುಖ ಉಳಿದಿರುತ್ತಿತ್ತು. ಈಗ ಡಿಸ್ಕ್ ಮೇಲೆ ಹಾಗೆಯೇ ಸ್ಟಿಕ್ಕರ್ ಅಂಟಿಸಿ ಬೀರುವಿಗೆ ಸೇರಿಸುತ್ತೀರಿ. ಆದರೆ ಡಿಸ್ಕ್ ಒಂದು ಯಂತ್ರ. ಮೋಟಾರು, ಬೇರಿಂಗು, ಹೆಡ್ಡು, ಸರ್ಕಿಟ್ ಬೋರ್ಡು, ಒಳಗಿನ ಸಾಫ್ಟ್‌ವೇರು ಇಷ್ಟೂ ಒಟ್ಟಿಗೆ ನೆಟ್ಟಗಿದ್ದರೆ ಚಿತ್ರ ಕೊಡುತ್ತದೆ. ಒಂದು ಕೈಕೊಟ್ಟರೂ ಮಾಸಿದ ಚಿತ್ರ ಕೂಡ ಸಿಗುವುದಿಲ್ಲ.

ಮುಚ್ಚಳದೊಳಗೆ ನುಣ್ಣಗೆ ಹೊಳೆಯುವ ಬಿಲ್ಲೆಗಳಿವೆ. ದೊಡ್ಡ ಡಿಸ್ಕ್‌ನಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂನವು, ಜೇಬಿನಲ್ಲಿ ಹಿಡಿಸುವ ಚಿಕ್ಕ ಡಿಸ್ಕ್‌ಗಳಲ್ಲಿ ಎಷ್ಟೋ ಗಾಜಿನವು. ಬಿಲ್ಲೆಯ ಮೇಲೆ ಕಾಂತೀಯ ಲೇಪ, ಅದರ ಮೇಲೆ ಕಾರ್ಬನ್ನಿನ ತೆಳುಪದರ, ಎಲ್ಲಕ್ಕಿಂತ ಮೇಲೆ ಒಂದು ಅಣುವಿನ ದಪ್ಪಕ್ಕೆ ಹತ್ತಿರದ ಜಾರೆಣ್ಣೆ. ಟೇಬಲ್ ಮೇಲಿಡುವ ಮೂರೂವರೆ ಇಂಚಿನ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಬಿಲ್ಲೆಯ ಅಂಚಿನ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಆ ವೇಗಕ್ಕೆ ಏಳುವ ಗಾಳಿಯ ಮೇಲೆ ಹೆಡ್ ತೇಲುತ್ತದೆ, ಬಿಲ್ಲೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ. ತಲೆಗೂದಲಿನ ದಪ್ಪ ಅಂದಾಜು 70,000 ನ್ಯಾನೊಮೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು. ಸಿಗರೇಟು ಹೊಗೆಯ ಕಣ ಆ ಸಂದಿಯಲ್ಲಿ ತೂರುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಐಬಿಎಂ ಕಂಪನಿಯ ರಾಮ್ಯಾಕ್ ಯಂತ್ರದ ಜೊತೆ ಬಂತು. ಎರಡಡಿ ಅಗಲದ 50 ಬಿಲ್ಲೆಗಳು, ಅಷ್ಟರಲ್ಲೂ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ನಿಮ್ಮ ಕ್ಯಾಮೆರಾದ ಒಂದೇ ಒಂದು ರಾ ಫೈಲ್‌ಗೆ ಅದರಲ್ಲಿ ಜಾಗ ಸಿಗುತ್ತಿರಲಿಲ್ಲ. ಆದರೆ ಅದರ ಹೆಡ್ಡಿಗೂ ಬಿಲ್ಲೆಗೂ ನಡುವೆ ಸುಮಾರು 20,000 ನ್ಯಾನೊಮೀಟರ್ ಅಂತರವಿತ್ತು. ನಮಗೆ ಹೆಚ್ಚು ಜಾಗ ಬೇಕು, ಕಡಿಮೆ ದುಡ್ಡಿಗೆ ಬೇಕು ಎಂದಾಗಲೆಲ್ಲ ಎಂಜಿನಿಯರುಗಳು ಈ ಅಂತರವನ್ನು ಹಿಂಡುತ್ತಾ ಬಂದರು. ಇಂದು ಅಂಗೈ ಅಗಲದ ಡಬ್ಬಿಯಲ್ಲಿ ಒಂದು ಸೀಸನ್ನಿನ ಮದುವೆಗಳೆಲ್ಲ ಕೂರುವುದು ಆ ಹಿಂಡಿದ ಅಂತರದ ದಯೆಯಿಂದ. ಡಿಸ್ಕ್ ಕೆಡುವ ದಾರಿಗಳಲ್ಲಿ ಹಲವು ಹುಟ್ಟುವುದೂ ಅಲ್ಲಿಂದಲೇ.

ಬೀಳಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇಷ್ಟು: ಡಿಸ್ಕ್ ಓಡುತ್ತಿರುವಾಗ ತಾಳಿಕೊಳ್ಳುವ ಪೆಟ್ಟಿಗೂ ನಿಂತಾಗ ತಾಳಿಕೊಳ್ಳುವ ಪೆಟ್ಟಿಗೂ ಅಜಗಜಾಂತರ. ನಿಂತಾಗ ಹೆಡ್ಡುಗಳು ಬಿಲ್ಲೆಯಿಂದ ದೂರ ಸರಿದು ತಮ್ಮ ತಂಗುದಾಣದಲ್ಲಿರುತ್ತವೆ. ಓಡುವಾಗ ಬಿಲ್ಲೆಯ ನೆತ್ತಿಯ ಮೇಲೇ ಇರುತ್ತವೆ. ಆದ್ದರಿಂದ ಕಾಪಿ ಆಗುತ್ತಿರುವ ಡಿಸ್ಕನ್ನು ‘ಸ್ವಲ್ಪ ಆಚೆ ಇಡ್ತೀನಿ’ ಎಂದು ಎತ್ತಿ ಕುಕ್ಕುವುದು, ಬೀರುವಿನಿಂದ ತೆಗೆಯುವಾಗ ಕೈಜಾರಿ ಬೀಳಿಸಿದ್ದಕ್ಕಿಂತ ಎಷ್ಟೋ ಸಲ ಕೆಟ್ಟದ್ದು. ಡಿಸ್ಕ್ ಕೆಳಗೆ ಬಿದ್ದಿರಲೇಬೇಕೆಂದಿಲ್ಲ. ಲ್ಯಾಪ್‌ಟಾಪಿಗೆ ನೇತಾಡಿಕೊಂಡು ಕಾರಿನ ಸೀಟಿನಲ್ಲಿ ಕುಲುಕಿದರೂ ಸಾಕು. ಕೇಬಲ್ ಕಳಚಿದ ಮೇಲೆ ಬಿಲ್ಲೆ ನಿಲ್ಲಲು ಹತ್ತಾರು ಸೆಕೆಂಡು ಬೇಕು; ಅಷ್ಟು ಕಾದು ಎತ್ತಿದರೆ ಯಾವ ಮುಹೂರ್ತವೂ ಮೀರುವುದಿಲ್ಲ.

ಇನ್ನು ಸದ್ದು. ಛತ್ರದಲ್ಲೇ ಕೂತು, ರಿಸೆಪ್ಷನ್ ಮುಗಿಯುವುದರೊಳಗೆ ಬೆಳಗಿನ ಧಾರೆಯ ವಿಡಿಯೊ ಕತ್ತರಿಸಿ ತೆರೆಯ ಮೇಲೆ ತೋರಿಸುವ ರೂಢಿ ಈಗ ಬಂದಿದೆ. ಪ್ಲಗ್ ಪಾಯಿಂಟು ವೇದಿಕೆಯ ಪಕ್ಕ ಇರುತ್ತದೆ, ಆಳೆತ್ತರದ ಸ್ಪೀಕರೂ ಅಲ್ಲೇ. ನೀವು ಮೆಮೊರಿ ಕಾರ್ಡುಗಳನ್ನು ಡಿಸ್ಕಿಗೆ ಇಳಿಸುವುದು ಆ ಡಿಜೆಯ ಬಗಲಲ್ಲಿ. 2008ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್, ಓಡುತ್ತಿರುವ ಡಿಸ್ಕ್‌ಗಳ ಸಾಲಿಗೆ ಬಾಯಿ ಹಚ್ಚಿ ಕಿರುಚಿದರು. ಡಿಸ್ಕ್‌ಗಳು ಉತ್ತರ ಕೊಡುವುದು ಆ ಕ್ಷಣ ತಡವಾದದ್ದು ಗ್ರಾಫ್‌ನಲ್ಲಿ ಎದ್ದು ಕಂಡಿತು. ಕಂಪನಕ್ಕೆ ಹೆಡ್ಡು ತನ್ನ ಗೆರೆ ತಪ್ಪುತ್ತದೆ, ಮತ್ತೆ ಹುಡುಕುತ್ತದೆ. 2016ರ ಸೆಪ್ಟೆಂಬರಿನಲ್ಲಿ ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಯ ಪರೀಕ್ಷೆ ನಡೆಯಿತು. ಒತ್ತಡದಲ್ಲಿ ನುಗ್ಗಿದ ಅನಿಲದ ಅಬ್ಬರಕ್ಕೇ ಹತ್ತಾರು ಡಿಸ್ಕ್ ಕೆಟ್ಟು, ಬ್ಯಾಂಕಿನ ಕಾರ್ಡು, ಎಟಿಎಂ ಸೇವೆ ಗಂಟೆಗಟ್ಟಲೆ ನಿಂತವು. ಬೆಂಕಿ ಹತ್ತಿರಲೇ ಇಲ್ಲ.

ಗಾಯಕಿ ಜಾನೆಟ್ ಜಾಕ್ಸನ್‌ಳ ‘ರಿದಮ್ ನೇಷನ್’ ಕಥೆ ಕೆಲವರು ಕೇಳಿರಬಹುದು. ಆ ಹಾಡು ಹಾಕಿದರೆ ಕೆಲವು ಹಳೇ ಲ್ಯಾಪ್‌ಟಾಪುಗಳು ಸ್ತಬ್ಧವಾಗುತ್ತಿದ್ದವು, ಪಕ್ಕದಲ್ಲಿದ್ದ ಇನ್ನೊಂದು ಲ್ಯಾಪ್‌ಟಾಪ್ ಕೂಡ. ಹಾಡಿನ ಒಂದು ಸ್ವರ, 5400 ಸುತ್ತಿನ ಆ ಡಿಸ್ಕ್‌ಗಳ ಸಹಜ ಕಂಪನಕ್ಕೆ ತಾಳೆಯಾಗಿ ಅನುರಣನ ಏಳುತ್ತಿತ್ತಂತೆ. ಮೈಕ್ರೊಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಇದನ್ನು ಬರೆದಾಗ ಎಲ್ಲರೂ ನಕ್ಕರು, ಭದ್ರತಾ ದೋಷಗಳ ಅಧಿಕೃತ ಪಟ್ಟಿಯಲ್ಲಿ ಅದಕ್ಕೊಂದು ಸಂಖ್ಯೆಯೂ ಬಿತ್ತು. ನಿಮ್ಮ ಡಿಸ್ಕ್ ಯಾವ ಸ್ವರಕ್ಕೆ ನಡುಗುತ್ತದೋ ಗೊತ್ತಿಲ್ಲ. ಛತ್ರದಲ್ಲಿ ಕಾರ್ಡ್ ಇಳಿಸಲೇಬೇಕಾದರೆ ವಧುವಿನ ಕೋಣೆಯಲ್ಲೋ, ಊಟದ ಹಾಲಿನ ಮೂಲೆಯಲ್ಲೋ ಕೂತು ಇಳಿಸಿ. ಅಥವಾ ಆ ಕೆಲಸಕ್ಕೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇಟ್ಟುಕೊಳ್ಳಿ. ಎಸ್‌ಎಸ್‌ಡಿಯನ್ನು ಹತ್ತು ವರ್ಷದ ದಾಸ್ತಾನಿಗೆ ಮಾತ್ರ ನಂಬಬೇಡಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ಸೋರಿಹೋಗಬಹುದು.

ವಿದ್ಯುತ್ತಿನ ಮಾತಿಗೆ ಬರೋಣ. ‘ಕರೆಂಟು ಹೋಗಿ ಹೆಡ್ಡು ಬಿಲ್ಲೆ ಮೇಲೆ ಬಿತ್ತು’ ಎಂದು ಹಲವರು ಹೇಳುತ್ತಾರೆ. ಡಿಸ್ಕ್ ಮಾಡಿದವರು ಅದನ್ನು ಯೋಚಿಸಿಯೇ ಇದ್ದಾರೆ. ಕರೆಂಟು ಹೋದ ತಕ್ಷಣ, ಇನ್ನೂ ತಿರುಗುತ್ತಿರುವ ಬಿಲ್ಲೆಯ ಬಲದಿಂದ ಅದೇ ಮೋಟಾರು ಜನರೇಟರ್ ಆಗಿ, ಹೆಡ್ಡುಗಳನ್ನು ತಂಗುದಾಣಕ್ಕೆ ಎಳೆದು ಕೂರಿಸುವಷ್ಟು ವಿದ್ಯುತ್ ಹುಟ್ಟಿಸುತ್ತದೆ. ನನಗೆ ಈ ಯಂತ್ರದ ಮೇಲೆ ಗೌರವ ಮೂಡಿಸಿದ ಸಂಗತಿಗಳಲ್ಲಿ ಇದೂ ಒಂದು. ಕರೆಂಟು ಹೋದಾಗ ಹಾಳಾಗುವುದು ಅರ್ಧ ಬರೆದ ಫೈಲು, ಫೋಲ್ಡರುಗಳ ಲೆಕ್ಕ. ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ, ಇಂಥದ್ದನ್ನು ಹೆಚ್ಚಿನ ಸಲ ಪೂರ್ತಿ ವಾಪಸ್ ತೆಗೆಯಬಹುದು. ಕರೆಂಟು ಮರಳಿ ಬರುವಾಗಿನ ಏರುಪೇರು ಬೇರೆ ಸಂಗತಿ, ಅದು ಬೋರ್ಡನ್ನೇ ಸುಡಬಲ್ಲದು.

ಅದಕ್ಕಿಂತ ಹೆಚ್ಚು ಬೋರ್ಡು ಸುಡುವುದು ಅಡಾಪ್ಟರ್ ಅದಲುಬದಲಿನಿಂದ. ನಿಮ್ಮ ಟೇಬಲ್ ಕೆಳಗೆ ಒಮ್ಮೆ ಬಗ್ಗಿ ನೋಡಿ: ಲ್ಯಾಪ್‌ಟಾಪಿನ 19 ವೋಲ್ಟ್, ಮಾನಿಟರಿನದ್ದು, ಎಲ್‌ಇಡಿ ಲೈಟಿನದ್ದು, ದೊಡ್ಡ ಡಿಸ್ಕಿನ 12 ವೋಲ್ಟ್. ಎಲ್ಲ ಕಪ್ಪು, ಎಲ್ಲದಕ್ಕೂ ಹೆಚ್ಚುಕಡಿಮೆ ಅದೇ ದುಂಡು ಪಿನ್ನು. ಬಣ್ಣದ ಟೇಪ್ ಸುತ್ತಿದರೆ ಮುಗಿಯಿತು. ತಪ್ಪಿ 19 ವೋಲ್ಟ್ ಹೊಕ್ಕರೆ ಬೋರ್ಡಿನಲ್ಲಿರುವ ಒಂದು ರಕ್ಷಣಾ ಡಯೋಡ್ ತಾನು ಸುಟ್ಟು ಉಳಿದದ್ದನ್ನು ಕಾಯಲು ನೋಡುತ್ತದೆ. ಅದು ಗೆದ್ದಿದ್ದರೆ ರಿಪೇರಿ ಸುಲಭ. ಸೋತಿದ್ದರೆ, ಹಳೇ ಮಾರುಕಟ್ಟೆಯಲ್ಲಿ ಅದೇ ಮಾಡೆಲಿನ ಡಿಸ್ಕ್ ಹುಡುಕಿ ಬೋರ್ಡು ಬದಲಿಸುವ ಸಾಹಸ ಮಾಡಬೇಡಿ. ಪ್ರತಿ ಡಿಸ್ಕಿನ ಹೆಡ್ಡುಗಳಿಗೆ ಕಾರ್ಖಾನೆಯಲ್ಲಿ ಮಾಡಿದ ಹೊಂದಾಣಿಕೆಯ ಅಂಕಿಗಳು ಅದರದ್ದೇ ಬೋರ್ಡಿನ ಚಿಪ್‌ನಲ್ಲಿರುತ್ತವೆ. ಆ ಚಿಪ್ಪನ್ನೂ ಬಿಡಿಸಿ ಹೊಸ ಬೋರ್ಡಿಗೆ ಕೂರಿಸದಿದ್ದರೆ ಡಿಸ್ಕ್ ತನ್ನನ್ನೇ ತಾನು ಗುರುತಿಸುವುದಿಲ್ಲ.

ಈಗ ನನಗೆ ಹೆಚ್ಚು ಸಂಕಟ ಕೊಡುವ ವಿಷಯ, ತೇವ. ಮಂಗಳೂರು, ಉಡುಪಿ, ಕಾರವಾರ, ತೀರ್ಥಹಳ್ಳಿ, ಮಡಿಕೇರಿ ಕಡೆಯವರು ಇದನ್ನು ಎರಡು ಸಲ ಓದಿದರೂ ತಪ್ಪಿಲ್ಲ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದು ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೆಂದು ತೇವ ಹೀರುವ ಪೆಟ್ಟಿಗೆ ಕೊಂಡಿದ್ದೀರಿ, ಇಲ್ಲದವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಲೆನ್ಸ್ ಇಡುತ್ತೀರಿ. ಡಿಸ್ಕ್ ಎಲ್ಲಿದೆ? ಗೋಡೆಗೆ ಒರಗಿದ ಕಬ್ಬಿಣದ ಬೀರುವಿನಲ್ಲಿ. ಆ ಗೋಡೆಯಿಂದ ಜುಲೈನಲ್ಲಿ ನೀರು ಜಿನುಗುತ್ತಿರುತ್ತದೆ.

ಸಾಮಾನ್ಯ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಎಂಬುದು ತಪ್ಪು ಕಲ್ಪನೆ. ಹೀಲಿಯಂ ತುಂಬಿ ಸೀಲ್ ಮಾಡಿದ ದೊಡ್ಡ ಡಿಸ್ಕ್‌ಗಳು 2013ರಿಂದ ಬರುತ್ತಿವೆ, ಅವು ಬೇರೆ. ಉಳಿದವುಗಳಲ್ಲಿ ಗಾಳಿಯ ಒತ್ತಡ ಸರಿದೂಗಿಸಲು ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಫಿಲ್ಟರ್ ಇದೆ, ಧೂಳು ತಡೆಯುತ್ತದೆ; ನೀರಿನ ಆವಿಯನ್ನು ಎಷ್ಟು ದಿನ ತಡೆದೀತು? ಬೋರ್ಡಂತೂ ಹೊರಗೇ ಇದೆ. ಬೋರ್ಡಿನಿಂದ ಒಳಗಿನ ಹೆಡ್ಡಿಗೆ ಸಂಪರ್ಕ ಕೊಡುವ ಪುಟ್ಟ ಲೋಹದ ಬಿಂದುಗಳಿಗೆ ಕಿಲುಬು ಹಿಡಿದರೆ ಡಿಸ್ಕ್ ಒಮ್ಮೆ ಕಾಣಿಸುತ್ತದೆ, ಒಮ್ಮೆ ಕಾಣಿಸುವುದಿಲ್ಲ. ಬರೀ ಆ ಬಿಂದುಗಳನ್ನು ಒರೆಸಿದ್ದಕ್ಕೇ ಎದ್ದು ಕೂತ ಡಿಸ್ಕ್‌ಗಳನ್ನು ಕಂಡಿದ್ದೇನೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಮೈಕ್ರೊಸಾಫ್ಟ್ ಮತ್ತು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಒಂಬತ್ತು ಡೇಟಾ ಸೆಂಟರುಗಳ ಹತ್ತು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2016ರಲ್ಲಿ ವರದಿ ಕೊಟ್ಟರು. ಡಿಸ್ಕ್ ಕೆಡುವುದರ ಮೇಲೆ ಬಿಸಿಗಿಂತ ಗಾಳಿಯ ತೇವಾಂಶದ ಪ್ರಭಾವವೇ ಹೆಚ್ಚು, ತೇವದ ಜಾಗಗಳಲ್ಲಿ ಮುಖ್ಯವಾಗಿ ಕೈಕೊಡುವುದು ಕಂಟ್ರೋಲರ್ ಮತ್ತು ಸಂಪರ್ಕದ ಭಾಗ ಎಂಬುದು ಅವರ ತೀರ್ಮಾನ. ಕೋಟಿಗಟ್ಟಲೆ ಸುರಿದು ಕಟ್ಟಿದ ಕಟ್ಟಡಗಳ ಕಥೆಯೇ ಹೀಗೆ. ಲೆನ್ಸಿನ ಪೆಟ್ಟಿಗೆಯಲ್ಲಿ ಒಂದು ಅಟ್ಟ ಡಿಸ್ಕಿಗೆ ಬಿಟ್ಟುಕೊಡಿ, ಅಷ್ಟೇ ನಾನು ಕೇಳುವುದು. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ತಂದ ಡಿಸ್ಕನ್ನು ಕೂಡಲೇ ಚಾಲೂ ಮಾಡಬೇಡಿ, ಮೈಮೇಲಿನ ಬೆವರು ಆರಲಿ.

ಬಿಸಿಯ ಭಯವನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ 2007ರಲ್ಲಿ ಹೊರತಂದ ಅಧ್ಯಯನದಲ್ಲಿ, ತೀರಾ ಬಿಸಿಯಾದವು ಮತ್ತು ವಯಸ್ಸಾದವುಗಳನ್ನು ಬಿಟ್ಟರೆ, ಬಿಸಿಗೂ ಕೆಡುವುದಕ್ಕೂ ನಂಬಿದ್ದಷ್ಟು ನಂಟು ಸಿಗಲಿಲ್ಲ. ಹಾಗೆಂದು ಓಡುವ ಡಿಸ್ಕ್ ಮೇಲೆ ಟವೆಲ್ ಹೊದಿಸಬೇಡಿ.

ಕಂಪನಿಯ ಮಾತಿಗೆ ಬಂದರೆ, ಇವತ್ತು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಉಳಿದಿರುವುದೇ ಮೂವರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಕೆಟ್ಟ ಮಾಡೆಲುಗಳು ಇಲ್ಲವೆಂದಲ್ಲ. ಐಬಿಎಂ 2000ದಲ್ಲಿ ತಂದ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ ಬಳಸಿದವರು ಅದನ್ನು ಡೆತ್‌ಸ್ಟಾರ್ ಎಂದು ಕರೆದರು, ಕೋರ್ಟಿಗೂ ಹೋದರು. ಸೀಗೇಟ್‌ನ ಒಂದು 3 ಟಿಬಿ ಮಾಡೆಲ್ ಆನ್‌ಲೈನಿನಲ್ಲಿ ಡೇಟಾ ಕಾಪಿಡುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆಯ ಅಂಕಿಗಳಲ್ಲಿ ಕುಖ್ಯಾತವಾಯಿತು. ಅದೇ ಅಂಕಿಗಳಲ್ಲಿ ಅದೇ ಸೀಗೇಟ್‌ನ ಬೇರೆ ಮಾಡೆಲುಗಳು ಚೆನ್ನಾಗಿ ಬಾಳಿವೆ. ಬ್ಯಾಕ್‌ಬ್ಲೇಜ್ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೆಡುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಒಂದೂವರೆಯ ಆಸುಪಾಸು. ಅಂಥ ಒಳ್ಳೆಯ ಆರೈಕೆಯ ಲೆಕ್ಕವನ್ನೇ ಹಿಡಿದರೂ, 40 ಡಿಸ್ಕ್ ಇಟ್ಟುಕೊಂಡ ಸ್ಟುಡಿಯೊದಲ್ಲಿ ಎರಡು ವರ್ಷಕ್ಕೆ ಒಂದು ಹೋಗುವುದು ಸಹಜ. ಅದರಲ್ಲಿ ಯಾರ ಮದುವೆ ಇರುತ್ತದೆ ಎಂಬುದೇ ಪ್ರಶ್ನೆ. ಪೆಟ್ಟಿಗೆಯ ಮೇಲಿನ ‘ಹತ್ತು ಲಕ್ಷ ಗಂಟೆ’ಯನ್ನು ನಂಬಿದರೆ ಡಿಸ್ಕ್ 114 ವರ್ಷ ಬಾಳಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ನಿಜವಾದ ಕಂಪ್ಯೂಟರ್ ಕೇಂದ್ರಗಳ ದಾಖಲೆ ತೆಗೆದು ನೋಡಿದಾಗ, ವರ್ಷಕ್ಕೆ ನೂರಕ್ಕೆ ಎರಡರಿಂದ ನಾಲ್ಕು ಡಿಸ್ಕ್ ಬದಲಿಸುವುದು ಮಾಮೂಲಾಗಿತ್ತು. ವಾರಂಟಿ ಇದೆಯಲ್ಲ ಎನ್ನುವಿರಿ. ವಾರಂಟಿಯಲ್ಲಿ ಹೊಸ ಡಿಸ್ಕ್ ಬರುತ್ತದೆ, ಖಾಲಿ ಡಿಸ್ಕ್.

ಒಂದು ಎಚ್ಚರಿಕೆ ಮಾತ್ರ ಕಂಪನಿಗಳ ಕುರಿತು. ಹೆಚ್ಚು ಟಿಬಿಯ ಅಗ್ಗದ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹಲವು, ಸಾಲುಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಅರ್ಧ ಹೊದಿಸಿ ಬರೆಯುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಿಡಬೇಕು. ಹಾಗಾಗಿ ಇಂಥ ಡಿಸ್ಕಿನಲ್ಲೇ ನೇರ ಎಡಿಟಿಂಗ್ ಮಾಡಿದರೆ ಅದು ಇದ್ದಕ್ಕಿದ್ದಂತೆ ಆಮೆಯಾಗುತ್ತದೆ. ಕೆಟ್ಟಿತೆಂದು ಗಾಬರಿಯಾಗಿ ಕೇಬಲ್ ಕೀಳುತ್ತೀರಿ, ನಿಜವಾದ ತೊಂದರೆ ಆಗ ಶುರು. ಅದನ್ನು ಒಮ್ಮೆ ತುಂಬಿಸಿ ಎತ್ತಿಡುವುದಕ್ಕೆ ಬಳಸಿ.

ಡಿಸ್ಕ್ ಮುನ್ಸೂಚನೆ ಕೊಡುವುದಿಲ್ಲವೇ? ಕೊಡುತ್ತದೆ, ಕೆಲವೊಮ್ಮೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅದು ಕಾಣುತ್ತದೆ. ‘ರಿಅಲೊಕೇಟೆಡ್ ಸೆಕ್ಟರ್’, ‘ಪೆಂಡಿಂಗ್ ಸೆಕ್ಟರ್’ ಎಂಬೆರಡು ಸಾಲು ನೋಡಿ. ಮೊದಲನೆಯದು ಡಿಸ್ಕ್ ಕೈಬಿಟ್ಟು ಬದಲಿ ಜಾಗ ಕೊಟ್ಟ ತುಣುಕುಗಳ ಲೆಕ್ಕ, ಎರಡನೆಯದು ಓದಲಾಗದೆ ಒದ್ದಾಡುತ್ತಿರುವವುಗಳದ್ದು. ಸೊನ್ನೆ ಇದ್ದದ್ದು ಏರಲು ಹತ್ತಿತೆಂದರೆ ಅಂದೇ ಕಾಪಿ ಮಾಡಿ. ಗೂಗಲ್ ಅಧ್ಯಯನದಲ್ಲಿ, ತಪಾಸಣೆಯ ವೇಳೆ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ, ದೋಷವೇ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳಲ್ಲಿ ನೂರಕ್ಕೆ 36 ಬಿಸಿಯ ಅಂಕಿಯೊಂದನ್ನು ಬಿಟ್ಟರೆ ಬೇರಾವ ಸುಳಿವೂ ಕೊಡದೆ ಹೋದವು. ನಿಮ್ಮ ‘ಇಟ್ಟಲ್ಲೇ ಹೋಯ್ತು’ ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟು ಪಾಲು.

ಆದ್ದರಿಂದ ಡಿಸ್ಕ್ ಹೋಗುವುದನ್ನು ನಿಲ್ಲಿಸಲು ನಿಮ್ಮಿಂದಾಗದು. ಮದುವೆ ಹೋಗುವುದನ್ನು ನಿಲ್ಲಿಸಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದವರು ಕಂಪ್ಯೂಟರಿನವರಲ್ಲ, ಪೀಟರ್ ಕ್ರೋ ಎಂಬ ಅಮೆರಿಕದ ಫೋಟೊಗ್ರಾಫರ್, ನಿಮ್ಮವರೇ. ಎರಡು ಡಿಸ್ಕ್ ಕೊಳ್ಳುವಾಗ ಒಂದೇ ಅಂಗಡಿಯಲ್ಲಿ ಒಂದೇ ದಿನ ಅಕ್ಕತಂಗಿಯರನ್ನು ತರಬೇಡಿ. ಒಂದೇ ದಿನ ಒಂದೇ ಸಾಲಿನಿಂದ ಹೊರಬಿದ್ದವು ಒಂದೇ ರೋಗ ಹೊತ್ತಿರಬಹುದು. ಎರಡು ಪ್ರತಿ ಆಗುವ ತನಕ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ, ಮರುದಿನ ಬೆಳಗ್ಗೆ ಆರಕ್ಕೆ ಇನ್ನೊಂದು ಮುಹೂರ್ತವಿದ್ದರೂ. ಇನ್ನೆರಡು ಕಾರ್ಡು ಕೊಂಡಿಡಿ.

ಮೂರನೇ ಪ್ರತಿಗೆ ಜಾಗವೆಲ್ಲಿ ಎಂದು ಕೇಳುವವರಿಗೆ: ಮದುಮಕ್ಕಳ ಮನೆ. ಡಿಸ್ಕಿನ ದುಡ್ಡನ್ನು ಬಿಲ್ಲಿನಲ್ಲೇ ಸೇರಿಸಿ, ಆಲ್ಬಮ್ ಕೊಡುವ ದಿನ ಡಿಸ್ಕೂ ಕೊಡಿ. ‘ನಮ್ಮಲ್ಲಿ ಇಷ್ಟು ತಿಂಗಳು ಮಾತ್ರ ಇಟ್ಟಿರುತ್ತೇವೆ’ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿ. ಐದು ವರ್ಷದ ಮೇಲೆ ಮಗುವಿನ ಹುಟ್ಟುಹಬ್ಬಕ್ಕೆ ಬಂದವರು ‘ಮದುವೆ ವಿಡಿಯೊ ಇನ್ನೊಂದು ಕಾಪಿ ಕೊಡಿ’ ಎಂದಾಗ ತಲೆ ತಗ್ಗಿಸುವುದಕ್ಕಿಂತ, ಬುಕಿಂಗ್ ದಿನವೇ ಹೇಳುವುದು ಗೌರವ. ಗಿರಾಕಿ ಬೇಸರ ಮಾಡಿಕೊಳ್ಳುವುದಿಲ್ಲ. ಇಷ್ಟು ಜಾಗ್ರತೆ ಇರುವವನ ಕೈಗೇ ಮುಂದಿನ ಮದುವೆ ಕೊಡುತ್ತಾನೆ.

ಇಷ್ಟಾದರೂ ಒಂದು ದಿನ ಡಿಸ್ಕ್ ‘ಟಕ್ ಟಕ್’ ಎನ್ನುತ್ತದೆ ಎಂದುಕೊಳ್ಳಿ. ಹೆಡ್ಡು ತನ್ನ ಗುರುತಿನ ಗೆರೆ ಸಿಗದೆ ಮತ್ತೆ ಮತ್ತೆ ಅತ್ತಿತ್ತ ಬಡಿದುಕೊಳ್ಳುವ ಸದ್ದು ಅದು. ಮೊದಲ ಹತ್ತು ನಿಮಿಷ ನೀವು ಏನು ಮಾಡುತ್ತೀರೋ ಅದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಬೇರೆ ಕೇಬಲ್, ಬೇರೆ ಸಿಸ್ಟಮ್, ಎಡಿಟರ್ ಹುಡುಗನ ಲ್ಯಾಪ್‌ಟಾಪು ಎಂದು ಸುತ್ತಿಸಬೇಡಿ. ಮುರಿದ ಹೆಡ್ಡಿನ ಚೂರು ಆ ವೇಗದಲ್ಲಿ ಬಿಲ್ಲೆಯ ಲೇಪವನ್ನು ಕೆರೆದು ಪುಡಿ ಮಾಡುತ್ತದೆ. ಪುಡಿಯಾದ ಲೇಪದಲ್ಲಿದ್ದ ಧಾರೆಯನ್ನು ಯಾವ ಪ್ರಯೋಗಾಲಯವೂ ಜೋಡಿಸಲಾರದು. ವಿಂಡೋಸ್ ‘ರಿಪೇರಿ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡವೆನ್ನಿ. ಫ್ರಿಜ್ಜಿನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಹೊರಗೆ ತೆಗೆದ ತಕ್ಷಣ ಬಿಲ್ಲೆಯ ಮೇಲೆ ನೀರು ಕೂರುತ್ತದೆ. ಕೇಬಲ್ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ತನ್ನಿ.

ನನ್ನ ಹತ್ತಿರವೇ ತರಬೇಕೆಂದಿಲ್ಲ. ಯಾರ ಹತ್ತಿರ ಹೋದರೂ ಡಿಸ್ಕ್ ಕೈಗಿಡುವ ಮುನ್ನ ಕೇಳಿ: ಮೊದಲು ಇಡೀ ಡಿಸ್ಕಿನ ನಕಲು ತೆಗೆದು ಆ ನಕಲಿನ ಮೇಲೆ ಕೆಲಸ ಮಾಡುತ್ತೀರೋ, ನೇರ ಇದರ ಮೇಲೋ? ಮುಚ್ಚಳ ಬಿಚ್ಚುವುದಾದರೆ ಧೂಳು ಸೋಸಿದ ಕೋಣೆಯಲ್ಲೋ, ಈ ಟೇಬಲ್ ಮೇಲೋ? ಹೆಡ್ಡು ಬದಲಿಸಬೇಕಾದರೆ ಅದೇ ಮಾಡೆಲಿನ ಬದಲಿ ಡಿಸ್ಕ್ ಎಲ್ಲಿಂದ ತರುತ್ತೀರಿ? ಫೈಲು ಸಿಗದಿದ್ದರೆ ಎಷ್ಟು ದುಡ್ಡು? ಸಿಕ್ಕಿದ ಫೈಲುಗಳ ಪಟ್ಟಿ ತೋರಿಸಿದ ಮೇಲೆ ಹಣ ಕೊಟ್ಟರಾಗುತ್ತದೋ? ಇವಕ್ಕೆ ಸಿಡುಕದೆ ಉತ್ತರ ಕೊಡುವವರು ಸಿಕ್ಕರೆ ಕೊಟ್ಟು ಬನ್ನಿ. ‘ಬಿಟ್ಟು ಹೋಗಿ ಸಾರ್, ನೋಡೋಣ’ ಎಂದು ಸ್ಕ್ರೂ ಡ್ರೈವರ್ ಎತ್ತಿಕೊಂಡರೆ, ಡಿಸ್ಕ್ ವಾಪಸ್ ಇಸ್ಕೊಂಡು ಮೆಟ್ಟಿಲಿಳಿಯಿರಿ.

ಇಂತಿ,
ನಿಮ್ಮೂರ ಕಡೆಯ ಒಬ್ಬ ಡಿಸ್ಕ್ ರಿಪೇರಿಯವ